ಕುಂತರ ನೋವು, ಮಲಗಿದರ ಆರಾಮ

ಗುಳೇದಗುಡ್ಡ, 12 ಆಗಸ್ಟ್ 2024, ಸೋಮವಾರ

ಅಕ್ಕನ ಎಂ.ಆರ್.ಐ. ರಿಪೋರ್ಟ್ ಬಂತು. ಡಿಸ್ಕ್ ಸರಿದಿಲ್ಲ. ಟೊಂಕದ ಕೆಳಗೆ, ಎರಡನೇ ಸ್ಯಾಕ್ರಲ್ ನರದ (ಬೆನ್ನೆಲುಬಿನ ತುದಿಯ ತ್ರಿಕೋನ ಎಲುಬಿನಲ್ಲಿ ಹಾಯುವ ನರ) ಬುಡದಲ್ಲಿ ‘ಟಾರ್ಲೊವ್ ಸಿಸ್ಟ್’ ಅನ್ನುವ ನೀರಿನ ಗಂಟು ಇದೆಯಂತೆ. ಬಾಗಲಕೋಟೆಯಿಂದ ಬರುವಾಗ ಸೀಟಿದ್ದರೂ ಅವಳು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಬಂದಳು.

“ಗಂಟು ಅಂದ್ರ ಆ ದೊಡ್ಡ ಬ್ಯಾನಿ ಏನೋ ತಮ್ಮಾ?” ಅಂತ ಅವ್ವ ಕೇಳಿದಳು. ಅಲ್ಲವೇ ಅಲ್ಲ, ಕ್ಯಾನ್ಸರಿಗೂ ಇದಕ್ಕೂ ಸಂಬಂಧವಿಲ್ಲ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ; ಅಲ್ಲಿಂದ ಕೆಳಗೆ ನರಗಳು ಮಗ್ಗದ ಹಾಸಿನ ಎಳೆಗಳ ಹಾಗೆ ಬಿಡಿಬಿಡಿಯಾಗಿ ಇಳಿಯುತ್ತವೆ. ಅಂಥದೊಂದು ನರದ ಹೊದಿಕೆಯೊಳಗೆ ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರೇ ಸೇರಿ ಚೀಲವಾಗಿ ಉಬ್ಬುತ್ತದೆ. ಚೀಲದ ಗೋಡೆಯಲ್ಲಿ ನರದ ಎಳೆಗಳೂ ಇರುವುದರಿಂದ ಅದನ್ನು ಕತ್ತರಿಸಿ ಎಸೆಯುವುದು ಸುಲಭವಲ್ಲ. ಸೂಜಿಯಿಂದ ನೀರು ತೆಗೆದರೆ ಮತ್ತೆ ತುಂಬಬಹುದು. ಅಮೆರಿಕದ ಡಾಕ್ಟರ್ ಟಾರ್ಲೊವ್ ಇದನ್ನು ಶವಪರೀಕ್ಷೆಯಲ್ಲಿ ಕಂಡು 1938ರಲ್ಲೇ ಬರೆದಿದ್ದರು.

ಹೆಚ್ಚಿನವರಿಗೆ ಇದು ಇರುವುದೇ ಗೊತ್ತಾಗುವುದಿಲ್ಲ, ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಕಾಣುತ್ತದೆ. ಅದಕ್ಕೇ ಮೊದಲು ನೋಡಿದ ಡಾಕ್ಟ್ರು, “ಇದು ಭಾಳ ಮಂದಿಗೆ ಇರ್ತದ, ನಿಮ್ಮ ನೋವು ಇದರದ್ದಲ್ಲ” ಅಂದುಬಿಟ್ಟರು. ಮೊದಲ ಮಾತು ನಿಜ. ಎರಡನೆಯದನ್ನು ಪರೀಕ್ಷಿಸದೆ ಹೇಳಿದ್ದು ಅನ್ಯಾಯ. ಕೆಲವರಲ್ಲಿ ಇದು ನರವನ್ನು ಒತ್ತಿ ನೋಯಿಸುತ್ತದೆ, ಅವರಲ್ಲಿ ಹೆಂಗಸರೇ ಹೆಚ್ಚು. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಖಣ ನೇಯುವವಳಿಗೆ ಕುಂಡ್ರುವುದೇ ಕೆಲಸ. ಅದೇ ಆಗದಿದ್ದರೆ?

ಇವತ್ತಿನ ಡಾಕ್ಟ್ರಮ್ಮ ಸಾವಧಾನವಾಗಿ ಕೇಳಿದರು: ಕೆಮ್ಮಿದರೆ ಹೆಚ್ಚಾಗತದೇನು, ಮಲಗಿದರೆ ಕಡಿಮೆಯೇನು, ಕಾಲಿಗೆ ಇಳೀತದೇನು, ಉಚ್ಚಿ ಸರಿ ಆಗತದೇನು. ಕಾಲಿನ ಬಲ, ಚರ್ಮದ ಸ್ಪರ್ಶ ನೋಡಿದರು. ಸದ್ಯಕ್ಕೆ ನರದ ನೋವಿನ ಗುಳಿಗೆ ಕೊಟ್ಟು, ಬೆಳಗಾವಿಯಲ್ಲಿ ನ್ಯೂರೋಸರ್ಜನ್‌ಗೆ ತೋರಿಸಲು ಚೀಟಿ ಬರೆದಿದ್ದಾರೆ. ಆಪರೇಷನ್ ಮಾತು ಆಮೇಲೆ. ನೋವು ಈ ನರದ್ದೇ ಅನ್ನುವುದು ಮೊದಲು ಖಾತ್ರಿಯಾಗಬೇಕು.

“ನಾ ಸುಳ್ಳು ಹೇಳಾಕತ್ತಿಲ್ಲ ಅಂತ ಒಬ್ಬರಿಗರ ತಿಳೀತು,” ಅಂದಳು ಅಕ್ಕ. ಮಗ್ಗದ ಮೇಲಿರುವ ಖಣ ಹಾಗೇ ಇರಲಿ, ವ್ಯಾಪಾರಿಗೆ ನಾನೇ ಹೇಳುತ್ತೇನೆ.

ಉಚ್ಚಿ ಕಟ್ಟಿದರೆ, ಕುಂಡ್ರುವ ಜಾಗ ಜೋಮು ಹಿಡಿದರೆ, ಪಾದ ಎತ್ತಲು ಬಾರದಿದ್ದರೆ ಬೆಳಗಾಗುವವರೆಗೆ ಕಾಯದೆ ದವಾಖಾನೆಗೆ ಒಯ್ಯಬೇಕಂತೆ. ನಾನು ಊರಲ್ಲಿ ಇಲ್ಲದ ದಿನವೂ ಗೊತ್ತಿರಲಿ ಅಂತ ಇದನ್ನು ಅವ್ವನಿಗೂ ಪಕ್ಕದ ಮನೆಯ ವೈನಿಗೂ ಹೇಳಿಟ್ಟಿದ್ದೇನೆ.