ಆರ್ಡರ್ ಪುಸ್ತಕದಲ್ಲಿ ಮನೆಯ ಹೆಸರು

ಗದಗಿನಲ್ಲಿ ನಮ್ಮದೊಂದು ಸಣ್ಣ ಪ್ರೆಸ್ಸು ಇದೆ. ಒಂದು ಬಣ್ಣದ ಮಿನಿ ಆಫ್‌ಸೆಟ್ ಯಂತ್ರ, ಸ್ಕ್ರೀನ್ ಪ್ರಿಂಟಿಂಗಿಗೆ ಒಂದು ಮೇಜು, ಕಾಗದ ಕತ್ತರಿಸುವ ಯಂತ್ರ, ಎರಡು ಕಂಪ್ಯೂಟರು, ಇಬ್ಬರು ಕೆಲಸಗಾರರು, ಅವರೊಂದಿಗೆ ನಾನು. ಅಪ್ಪ ಇದನ್ನು ಆರಂಭಿಸಿದ್ದು ಟ್ರೆಡಲ್ ಯಂತ್ರ ಮತ್ತು ಸೀಸದ ಅಚ್ಚುಮೊಳೆಗಳ ಕಾಲದಲ್ಲಿ. ಮುದ್ರಣ ಕಾಶಿ ಎಂದು ಹೆಸರಾದ ಊರಿನಲ್ಲಿ ಪ್ರೆಸ್ಸು ನಡೆಸುವುದು ಹೆಮ್ಮೆಯ ಕೆಲಸವೇ ಸರಿ. ಆದರೆ ನಾನು ಎರಡು ದಿನ ಕೇಳಿದರೆ ಮುಂದಿನ ಓಣಿಯವರು ಒಂದೇ ದಿನದಲ್ಲಿ ಮಾಡಿಕೊಟ್ಟಾರು ಎಂಬ ಭಯವೂ ಆ ಹೆಮ್ಮೆಯ ಬೆನ್ನಿಗೇ ಇರುತ್ತದೆ. ಆ ಭಯದಿಂದ ನಾನು ವರ್ಷಗಟ್ಟಲೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತ ಬಂದೆ: "ನಾಳೆ ಮುಂಜಾನೆ ಒಯ್ಯಿರಿ." ಈ ಮಾತಿಗೆ ನನ್ನ ಮನೆ ಏನು ಕೊಡಬೇಕಾಯಿತು ಎಂಬುದನ್ನು ಇವತ್ತು ಬರೆದಿಡಬೇಕೆನಿಸಿದೆ.

ಮದುವೆ ಕಾರ್ಡಿನ ಕೆಲಸ ಪಂಚಾಂಗವನ್ನು ಹಿಡಿದು ನಡೆಯುತ್ತದೆ. ಮಣ್ಣೆತ್ತಿನ ಅಮವಾಸ್ಯೆ ದಾಟಿ ಆಷಾಢ ಕಾಲಿಟ್ಟಿತೆಂದರೆ ಯಂತ್ರಕ್ಕೆ ಅರ್ಧ ಕೆಲಸವೂ ಇರುವುದಿಲ್ಲ. ನಾಗರ ಅಮವಾಸ್ಯೆ ಮುಗಿದ ಮರುದಿನದಿಂದ ಶ್ರಾವಣದ ಮದುವೆಯವರು, ಮಠಗಳ ಪುರಾಣ ಪ್ರವಚನಗಳ ಕರಪತ್ರದವರು, ಶಾಲೆಗಳವರು ಎಲ್ಲರೂ ಒಮ್ಮೆಲೇ ಬರುತ್ತಾರೆ. ಅದಾದ ಐದನೆಯ ದಿನಕ್ಕೇ ಪಂಚಮಿ. ನಮ್ಮ ಭಾಗದಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮನೆಗೆ ಹೋಗಿ ಅಕ್ಕತಂಗಿಯರನ್ನು ಕರೆತರುವುದು ಅಣ್ಣತಮ್ಮಂದಿರ ಕೆಲಸ. ವರ್ಷದಲ್ಲಿ ಮನೆ ನನ್ನನ್ನು ಹೆಚ್ಚು ಬಯಸುವ ದಿನಗಳೂ ಪ್ರೆಸ್ಸು ನನ್ನನ್ನು ಹೆಚ್ಚು ಬೇಡುವ ದಿನಗಳೂ ಹೀಗೆ ಒಂದೇ ವಾರದಲ್ಲಿ ಬಂದು ಕೂಡುತ್ತವೆ.

2023ರಲ್ಲಿ ಈ ಇಕ್ಕಟ್ಟು ಇನ್ನೂ ಬಿಗಿಯಾಯಿತು. ಆ ವರ್ಷ ಅಧಿಕ ಶ್ರಾವಣ ಬಂದಿದ್ದರಿಂದ ಆಷಾಢವೂ ಅಧಿಕ ಮಾಸವೂ ಸೇರಿ ಎರಡು ತಿಂಗಳು ಮದುವೆಗಳೇ ಇರಲಿಲ್ಲ. ಎರಡು ತಿಂಗಳು ಖಾಲಿ ಕುಳಿತವನ ಮುಂದೆ ನಿಜ ಶ್ರಾವಣದ ಮೊದಲ ವಾರದಲ್ಲೇ ಹನ್ನೊಂದು ಮದುವೆಗಳ ಕಾರ್ಡು ಬಂದಾಗ ಒಂದನ್ನೂ ಒಲ್ಲೆ ಎನ್ನಲು ಬಾಯಿ ಬರಲಿಲ್ಲ. ಪಂಚಮಿ ಆಗಸ್ಟ್ 21ರಂದು ಸೋಮವಾರ ಇತ್ತು. ಶನಿವಾರ, ರೊಟ್ಟಿ ಹಬ್ಬದ ದಿನ, ಸವಣೂರಿಗೆ ಹೋಗಿ ತಂಗಿಯನ್ನೂ ಅವಳ ಎರಡು ಮಕ್ಕಳನ್ನೂ ಕರೆತರುವುದೆಂದು ಮಾತಾಗಿತ್ತು. ಆ ಮುಂಜಾನೆ ನಾನು ಫೋನು ಮಾಡಿ, ಕೆಲಸ ಬಹಳ ಇದೆ, ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯೇ ಆಗಿದೆಯಲ್ಲ, ಲಕ್ಷ್ಮೇಶ್ವರದ ಮೇಲೆ ಬರುವ ಬಸ್ಸು ಹತ್ತಿ ನೀವೇ ಬಂದುಬಿಡಿ ಎಂದೆ.

"ಬಸ್ಸು ಪುಕ್ಕಟ ಐತಿ ಅನ್ನೂದು ನನಗೂ ಗೊತ್ತೈತಿ ಅಣ್ಣಾ," ಎಂದಳು. "ನೀ ಬರತೀ ಅಂತ ಹುಡುಗ್ರು ಮುಂಜಾನಿಂದ ಬಾಗಲದಾಗ ನಿಂತಾರ."

ಅವಳು ಬರಲಿಲ್ಲ. ಅವ್ವ ಕಟ್ಟಿಟ್ಟಿದ್ದ ಶೇಂಗಾ ಉಂಡಿ, ಎಳ್ಳುಂಡಿಗಳು ಡಬ್ಬಿಯಲ್ಲೇ ಉಳಿದವು. ಅವ್ವ ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಹಬ್ಬದ ಮರುದಿನ ಆ ಡಬ್ಬಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಸವಣೂರ ಕಡೆಗೆ ಹೊರಟಿದ್ದ ಓಣಿಯವರೊಬ್ಬರ ಕೈಯಲ್ಲಿ ಕೊಟ್ಟು ಕಳಿಸಿದಳು.

ಅದೇ ವಾರ ಇನ್ನೊಂದು ಘಟನೆ ನಡೆಯಿತು. ರಾತ್ರಿ ಹನ್ನೊಂದರ ಮೇಲೆ ಕುಳಿತು ಜೋಡಿಸಿದ ಒಂದು ಕಾರ್ಡಿನಲ್ಲಿ ಅಕ್ಷತೆಯ ದಿನಾಂಕ ಸರಿಯಿತ್ತು, ವಾರ ಮಾತ್ರ ತಪ್ಪಿತ್ತು. ಹಳೆಯ ಕಾರ್ಡಿನ ಫೈಲನ್ನೇ ತೆರೆದು ಹೆಸರುಗಳನ್ನು ಬದಲಿಸುವ ನಮ್ಮ ರೂಢಿಯಲ್ಲಿ, ರವಿವಾರ ಎಂದು ಬರಬೇಕಾದಲ್ಲಿ ಹಿಂದಿನ ಮದುವೆಯ ಶುಕ್ರವಾರ ಹಾಗೆಯೇ ಉಳಿದುಬಿಟ್ಟಿತ್ತು. ಆರು ನೂರು ಕಾರ್ಡು. ಹೆಣ್ಣಿನ ತಂದೆ ರೂಢಿಯಂತೆ ಮೊದಲ ಕಾರ್ಡಿಗೆ ಅರಿಷಿಣ ಹಚ್ಚಿ ಮನೆದೇವರ ಮುಂದೆ ಇಟ್ಟು, ಕೈಮುಗಿದು ಮೇಲೆದ್ದಾಗ ಅದು ಅವರ ಕಣ್ಣಿಗೆ ಬಿತ್ತಂತೆ. ಅವರು ಸಿಟ್ಟಿನಿಂದ ಬರಲಿಲ್ಲ. ಕಾರ್ಡನ್ನು ಮೇಜಿನ ಮೇಲಿಟ್ಟು, "ದೇವರ ಮುಂದ ಇಟ್ಟೇನ್ರಿ ಇದನ್ನ," ಎಂದಷ್ಟೇ ಹೇಳಿದರು. ಸ್ವಂತ ಖರ್ಚಿನಲ್ಲಿ ಆರು ನೂರು ಕಾರ್ಡನ್ನೂ ಮತ್ತೆ ಮುದ್ರಿಸಿಕೊಟ್ಟೆ. ಹಣ ಹೋದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ನೋಯಿಸಿತು.

ಆ ರಾತ್ರಿ ಕುಳಿತು ನನ್ನ ಲೆಕ್ಕವನ್ನೇ ಮತ್ತೆ ನೋಡಿದೆ. ಒಂದು ಕೆಲಸಕ್ಕೆ ದರ ಹೇಳುವಾಗ ಕಾಗದ, ಪ್ಲೇಟು, ಇಂಕು, ಪಗಾರ, ಕರೆಂಟು ಎಲ್ಲವನ್ನೂ ಕೂಡಿಸುತ್ತೇನೆ. "ನಾಳೆ ಮುಂಜಾನೆ" ಎಂದರೆ ಇವತ್ತು ರಾತ್ರಿಯ ನಾಲ್ಕು ತಾಸು. ಆ ನಾಲ್ಕು ತಾಸು ಯಾವ ಬಿಲ್ಲಿನಲ್ಲಿಯೂ ಇರಲಿಲ್ಲ, ಏಕೆಂದರೆ ಅದನ್ನು ಕೊಡುತ್ತಿದ್ದವರು ಮನೆಯವರು. ಮಗಳು ಮಲಗಿದ ಮೇಲೆ ಮನೆ ಸೇರಿ, ಅವಳು ಏಳುವ ಮುನ್ನ ಹೊರಬಿದ್ದ ದಿನಗಳನ್ನು ನಾನು ಎಣಿಸಿಯೇ ಇರಲಿಲ್ಲ. ನಮ್ಮಲ್ಲಿ ಕೆಲಸ ಮಾಡುವ ಇಬ್ಬರಿಗೂ ವಾರಕ್ಕೊಂದು ದಿನ ರಜೆ ಕೊಡಬೇಕೆಂದು 1961ರ ಅಂಗಡಿ ಕಾಯ್ದೆ ಹೇಳುತ್ತದೆ, ಅದನ್ನು ಅಪ್ಪನ ಕಾಲದಿಂದಲೂ ಪಾಲಿಸುತ್ತ ಬಂದಿದ್ದೇವೆ. ಅಂಥ ರಜೆ ನನಗೂ ಬೇಕೆಂದು ನಾನೇ ನಿರ್ಧರಿಸಬೇಕಿತ್ತು, ನಿರ್ಧರಿಸಿರಲಿಲ್ಲ.

ಇಲ್ಲಿ ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಂಗಾಮಿನ ದಿನಗಳಲ್ಲಿ ನನ್ನ ಹೆಂಡತಿ ರಾತ್ರಿ ಊಟದ ಡಬ್ಬಿ ತಂದು, ಅಲ್ಲಿಯೇ ಕುಳಿತು ಕಾರ್ಡು ಮಡಚಿ ಪಾಕೀಟಿಗೆ ಹಾಕುತ್ತಿದ್ದಳು. ಮಗಳು ಪಕ್ಕದಲ್ಲಿ ಕಾಗದದ ರೀಮುಗಳಿಗೆ ಒರಗಿ ಅಭ್ಯಾಸ ಮಾಡುತ್ತಿದ್ದಳು. ಎಲ್ಲರೂ ಜೊತೆಗಿದ್ದೇವಲ್ಲ ಎಂದು ನಾನು ಸಮಾಧಾನ ಪಡುತ್ತಿದ್ದೆ. ಹಾಗೆಂದು ಬೀಗರ ಮುಂದೆ ಹೇಳಿಯೂ ಇದ್ದೆ. ಇಡೀ ದಿನ ಮನೆಯನ್ನೂ ಅವ್ವನ ಔಷಧೋಪಚಾರವನ್ನೂ ನೋಡಿಕೊಂಡವಳು ರಾತ್ರಿ ಬಂದು ಐನೂರು ಕಾರ್ಡು ಮಡಚುವುದು ಕೆಲಸವೇ ಹೊರತು ಕೂಡಿ ಕಳೆದ ಹೊತ್ತಾಗುವುದಿಲ್ಲ. ಅಂಗಡಿ ನಡೆಸುವ ಅನೇಕರು ಇದನ್ನು ಮನೆಯವರೊಂದಿಗಿನ ಸಮಯವೆಂದೇ ಎಣಿಸುವುದನ್ನು ನೋಡಿದ್ದೇನೆ, ಅದು ಸರಿಯಲ್ಲ ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ಮಡಚುವ ಕೆಲಸಕ್ಕೆ ಈಗ ಬೆಟಗೇರಿಯ ಇಬ್ಬರು ಹೆಣ್ಣುಮಕ್ಕಳು ನೂರು ಕಾರ್ಡಿಗೆ ಇಷ್ಟು ಎಂದು ಹಣ ಪಡೆದು ಬರುತ್ತಾರೆ. ಆ ಖರ್ಚು ದರದಲ್ಲಿಯೇ ಸೇರಿದೆ.

ದೊಡ್ಡ ಬದಲಾವಣೆಯಾದದ್ದು ಆರ್ಡರ್ ಪುಸ್ತಕದಲ್ಲಿ. ಅದು ಉದ್ದನೆಯ ರಿಜಿಸ್ಟರು: ಎಡಕ್ಕೆ ಹೆಸರು, ನಡುವೆ ಕೆಲಸ ಮತ್ತು ಪ್ರತಿಗಳ ಸಂಖ್ಯೆ, ಬಲಕ್ಕೆ ಕೊಡುವ ತಾರೀಖು. ಈಗ ಯುಗಾದಿಗೆ ಹೊಸ ಪಂಚಾಂಗ ಬಂದ ದಿನವೇ ಪುಸ್ತಕ ತೆರೆದು, ಹೆಸರಿನ ಸಾಲಿನಲ್ಲಿ "ಮನೆ" ಎಂದು ಬರೆದು, ಪಂಚಮಿಯ ನಾಲ್ಕು ದಿನ, ದೀಪಾವಳಿಯ ಪಾಡ್ಯ, ತೋಂಟದಾರ್ಯ ಮಠದ ಜಾತ್ರೆಯ ತೇರಿನ ಸಂಜೆ, ಮಗಳ ಪರೀಕ್ಷೆಯ ಹಿಂದಿನ ವಾರ, ಇವಿಷ್ಟನ್ನು ತಾರೀಖು ಸಮೇತ ಮೊದಲೇ ತುಂಬುತ್ತೇನೆ. ಯಾರಾದರೂ ಕೆಲಸ ತಂದಾಗ ಆ ಸಾಲನ್ನೂ ಉಳಿದ ಆರ್ಡರಿನಂತೆಯೇ ನೋಡಿ, ಅದರ ಆಚೆಯ ತಾರೀಖು ಹೇಳುತ್ತೇನೆ. ಒಬ್ಬರ ಆರ್ಡರನ್ನು ಬದಿಗಿಟ್ಟು ಇನ್ನೊಬ್ಬರದನ್ನು ಮಾಡಿಕೊಡಬಾರದೆಂದು ಅಪ್ಪ ಕಲಿಸಿದ್ದರಿಂದ, ಆ ಸಾಲು ಪುಸ್ತಕಕ್ಕೆ ಬಂದಮೇಲೆ ಅದನ್ನು ದಾಟಿ ಹೋಗುವುದು ನನಗೆ ನಿಜವಾಗಿಯೂ ಕಷ್ಟವಾಗುತ್ತದೆ.

ಬೇಸಿಗೆಯಲ್ಲಿ ಮೂರು ದಿನ, ಮಳೆಗಾಲದಲ್ಲಿ ಐದು ದಿನ ಎಂದು ವಾಯಿದೆಯನ್ನೂ ಗೊತ್ತುಮಾಡಿದ್ದೇನೆ. ಇದಕ್ಕೆ ಕೆಲಸದ ಕಾರಣವೂ ಇದೆ. ಆಫ್‌ಸೆಟ್ ಇಂಕು ಗಾಳಿಯೊಡನೆ ಸೇರಿ ಗಟ್ಟಿಯಾಗಬೇಕು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಅದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. ಅವಸರದಿಂದ ಒಂದರ ಮೇಲೊಂದು ಪೇರಿಸಿದರೆ ಕೆಳಗಿನ ಕಾರ್ಡಿನ ಅಕ್ಷರ ಮೇಲಿನದರ ಬೆನ್ನಿಗೆ ಹತ್ತುತ್ತದೆ. ಇದನ್ನು ಒಂದು ಕಾರ್ಡು ಹಿಡಿದು ತೋರಿಸಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದೆ ಹೋದವರೂ ಇದ್ದಾರೆ. ಮೊದಲ ವರ್ಷ ಎಂಟು ಹತ್ತು ಗಿರಾಕಿಗಳು ಬೇರೆ ಕಡೆಗೆ ಹೋದರು, ಅವರಲ್ಲಿ ಇಬ್ಬರು ಅಪ್ಪನ ಕಾಲದವರು. ಜಿಎಸ್‌ಟಿ ಬಂದಮೇಲೆ ಅನೇಕ ಅಂಗಡಿಗಳು ಕಂಪ್ಯೂಟರ್ ಬಿಲ್ಲಿಗೆ ಹೊರಳಿ, ನಮ್ಮ ಬಿಲ್ ಪುಸ್ತಕಗಳ ಕೆಲಸ ಮೊದಲೇ ಕುಗ್ಗಿತ್ತು. ಅದರ ಮೇಲೆ ಈ ನಷ್ಟ. ಆ ವರ್ಷ ಯಂತ್ರದ ರೋಲರುಗಳನ್ನು ಬದಲಿಸುವುದನ್ನು ಮುಂದೂಡಬೇಕಾಯಿತು. ವೈಶಾಖದ ಹಂಗಾಮಿನಲ್ಲಿ ಈಗಲೂ ಕೆಲವು ರಾತ್ರಿಗಳು ಪ್ರೆಸ್ಸಿನಲ್ಲಿಯೇ ಕಳೆಯುತ್ತವೆ. ಮಗಳು ಈಗ ಎಂಟನೆಯ ತರಗತಿ. ಅವಳ ಆರು ಏಳರ ವಯಸ್ಸಿನ ಸಂಜೆಗಳನ್ನು ಮರಳಿ ಪಡೆಯುವ ದಾರಿ ನನಗಿಲ್ಲ.

ನಾಳೆ ರೊಟ್ಟಿ ಹಬ್ಬ. ಸಂಜೆ ಯಂತ್ರದ ಬ್ಲಾಂಕೆಟ್ ಎಂಬ ರಬ್ಬರು ಹಾಳೆಯನ್ನು ಒರೆಸಿ, ರೋಲರುಗಳ ಇಂಕು ತೊಳೆದಿಟ್ಟಿದ್ದೇವೆ. ಮೂರು ಕಾರ್ಡಿನ ಕೆಲಸಗಳು ಉಳಿದಿವೆ, ಮೂವರಿಗೂ ಹಬ್ಬದ ಮುಂದಿನ ವಾರದ ತಾರೀಖು ಹೇಳಿಯಾಗಿದೆ. ಅವ್ವ ಕೊಬ್ಬರಿ ತುರಿದು ಮುಗಿಸಿ, ಸವಣೂರಿನ ಹುಡುಗರಿಗೆಂದು ಜೋಕಾಲಿಯ ಹಗ್ಗವನ್ನು ಅಟ್ಟದಿಂದ ಇಳಿಸಲು ನನ್ನನ್ನು ಎರಡು ಸಲ ಕರೆದಿದ್ದಾಳೆ. ಮುಂಜಾನೆ ಏಳರ ಬಸ್ಸಿಗೆ ಮಗಳೂ ನನ್ನೊಂದಿಗೆ ಹೊರಡುತ್ತಾಳೆ.