‘ಜಡ್ಜ್’ ಅಂತ ಹೇಳಿಕೊಂಡ ಜಿಟಿಓ: ಕೊಳ್ಳುವ ಮುಂಚಿನ ಆರು ವಾರ

ಮಾರ್ಚ್ 3

ಹದಿನಾಲ್ಕು ವರ್ಷದಿಂದ ಮಿಷಿಗನ್‌ನಲ್ಲಿದ್ದೇನೆ. ಪ್ರತಿ ಆಗಸ್ಟ್‌ನ ಮೂರನೇ ಶನಿವಾರ ವುಡ್‌ವರ್ಡ್ ಡ್ರೀಮ್ ಕ್ರೂಸ್ ನಡೆಯುತ್ತದೆ. ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು, ಡಬ್ಬಿಯಲ್ಲಿ ತಂದ ಚಿತ್ರಾನ್ನ ತಿನ್ನುತ್ತಾ, ಬೇರೆಯವರ ಹಳೇ ಕಾರುಗಳನ್ನು ನೋಡಿ ಹೊಟ್ಟೆ ಉರಿಸಿಕೊಳ್ಳುವುದು ನನ್ನ ವಾಡಿಕೆ. ಈ ಸಲ ಕುರ್ಚಿ ಸಾಕು, ಸ್ಟೀರಿಂಗ್ ಹಿಡಿಯೋಣ ಅಂತ ತೀರ್ಮಾನ ಆಯಿತು. ಹೆಂಡತಿ ಒಪ್ಪಿದ್ದಾಳೆ. ಷರತ್ತು ಒಂದೇ: ಗ್ಯಾರೇಜಿನಲ್ಲಿ ಅವಳ ಕಾರಿನ ಜಾಗ ಅವಳಿಗೇ.

ಬೇಕಾಗಿರುವುದು ಪಾಂಟಿಯಾಕ್ ಕಂಪನಿಯ ಜಿಟಿಓ ಕಾರು. ಬೇರೆ ಯಾವುದೂ ಬೇಡ. ಪಾಂಟಿಯಾಕ್ ಊರು ನಮ್ಮ ಮನೆಯಿಂದ ಅರ್ಧ ಗಂಟೆ. 2010ಕ್ಕೆ ಆ ಹೆಸರಿನ ಕಾರೇ ನಿಂತುಹೋಯಿತು. ಊರು ಮಾತ್ರ ಇದೆ.

ಇವತ್ತು ಒಂದು ಜಾಹೀರಾತು ಸಿಕ್ಕಿತು. 1969ರ ಜಿಟಿಓ ‘ಜಡ್ಜ್’, ಕಿತ್ತಳೆ ಬಣ್ಣ, ರಾಮ್ ಏರ್ 3 ಎಂಜಿನ್, ನಾಲ್ಕು ಗೇರಿನ ಮ್ಯಾನ್ಯುಯಲ್, ‘ನಂಬರ್ಸ್ ಮ್ಯಾಚಿಂಗ್’, ಅಂದರೆ ಎಂಜಿನ್ ಮೇಲಿನ ನಂಬರ್ ಕಾರಿನ ನಂಬರಿಗೆ ಹೊಂದುತ್ತದೆ, ಹುಟ್ಟಿನ ಎಂಜಿನ್ನೇ ಇದೆ ಅಂತ. ಕೇಳಿದ ಬೆಲೆ 78,000 ಡಾಲರ್. ಕಾರು ಇರುವುದು ಎರಡು ಗಂಟೆ ದೂರದಲ್ಲಿ.

ಮಾಮೂಲಿ ಜಿಟಿಓಗೂ ಜಡ್ಜ್‌ಗೂ ಏನು ವ್ಯತ್ಯಾಸ ಅಂದರೆ, 1969ರಲ್ಲಿ ಕಾರಿನ ಮೇಲೆ ಸುಮಾರು 332 ಡಾಲರ್ ಜಾಸ್ತಿ ಕೊಟ್ಟರೆ ಸಿಗುತ್ತಿದ್ದ ಒಂದು ಪ್ಯಾಕೇಜ್ ಅದು. 366 ಕುದುರೆ ಶಕ್ತಿಯ ರಾಮ್ ಏರ್ 3 ಎಂಜಿನ್, ಹಿಂದೆ ಡಿಕ್ಕಿ ಮೇಲೆ ಸ್ಪಾಯ್ಲರ್, ಪಕ್ಕದಲ್ಲಿ ಪಟ್ಟೆ, ‘ದ ಜಡ್ಜ್’ ಅಂತ ಸ್ಟಿಕರ್. ಆ ವರ್ಷ ಬಂದ ಜಿಟಿಓಗಳು 72,287. ಅದರಲ್ಲಿ ಜಡ್ಜ್ 6,833 ಮಾತ್ರ. ಸ್ಪಾಯ್ಲರ್, ಸ್ಟಿಕರ್ ಎಲ್ಲಾ ಈಗ ಹೊಸದಾಗಿಯೇ ಅಂಗಡಿಯಲ್ಲಿ ಸಿಗುತ್ತವೆ. ಮಿಕ್ಕಿದ್ದನ್ನು ನೀವೇ ಊಹಿಸಿಕೊಳ್ಳಿ.

ಮಾರ್ಚ್ 6

ಮಾರುವವನು ಫೋನಿನಲ್ಲಿ ವಿನ್ ನಂಬರ್, ಅಂದರೆ ಪ್ರತಿ ಕಾರಿಗೂ ಕಾರ್ಖಾನೆಯವರು ಕೊಡುವ ಗುರುತಿನ ನಂಬರ್, ಓದಿ ಹೇಳಿದ. ಹದಿಮೂರು ಅಕ್ಷರ. ಮೊದಲಿನದು 2, ಅಂದರೆ ಪಾಂಟಿಯಾಕ್. ಆಮೇಲೆ 42, ಅಂದರೆ ಜಿಟಿಓ. 37 ಅಂದರೆ ಎರಡು ಬಾಗಿಲಿನ ಹಾರ್ಡ್‌ಟಾಪ್. 9 ಅಂದರೆ 1969. ಆಮೇಲೆ ‘ಪಿ’ ಅಂದ. ನನಗೆ ರೋಮಾಂಚನ. ಪಿ ಅಂದರೆ ಪಾಂಟಿಯಾಕ್ ಊರಿನ ಕಾರ್ಖಾನೆ. ಬಾಲ್ಟಿಮೋರ್ ಆಗಿದ್ದರೆ ಬಿ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಆಗಿದ್ದರೆ ಝಡ್.

242 ಅನ್ನುವುದು ಸಮಾಧಾನದ ವಿಷಯ. 1964, 65ರಲ್ಲಿ ಜಿಟಿಓ ಅನ್ನುವುದೇ ಒಂದು ಆಪ್ಷನ್ ಆಗಿತ್ತು, ವಿನ್‌ನಲ್ಲಿ ಗೊತ್ತಾಗುತ್ತಿರಲಿಲ್ಲ. 1966ರಿಂದ 71ರವರೆಗೆ ಅದು ಸ್ವಂತ ಮಾಡೆಲ್, ಹಾಗಾಗಿ 242 ಇಲ್ಲದ ಕಾರು ಜಿಟಿಓ ಅಲ್ಲ. ಆದರೆ ಜಡ್ಜ್ ಹೌದೋ ಅಲ್ಲವೋ ಅಂತ ವಿನ್ ಹೇಳುವುದಿಲ್ಲ.

ಸಂಜೆ ಊರಿಗೆ ಫೋನ್ ಮಾಡಿದಾಗ ಸೋದರಮಾವನಿಗೆ ಹೇಳಿದೆ. ದೊಡ್ಡಬಳ್ಳಾಪುರದ ಕಡೆಯವರು. ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಯಲ್ಲಿ ಐವತ್ತು ವರ್ಷ ಎತ್ತು ಕೊಂಡು, ಮಾರಿ ಮಾಡಿದವರು.

‘ಐವತ್ತಾರು ವರ್ಷದ ಕಾರಾ? ಹಲ್ಲು ನೋಡಿದ್ಯೇನಪ್ಪ?’ ಅಂದರು.

‘ಇನ್ನೂ ಇಲ್ಲ ಮಾವ, ಫೋಟೋ ನೋಡಿದೀನಿ.’

‘ಫೋಟೋದಲ್ಲಿ ಕೊಂಬು ಕಾಣ್ತದೆ. ಕೊಂಬು ಹೆರೆದು ಬಣ್ಣ ಹಚ್ಚಿರ್ತಾರೆ. ಬಾಯಿ ಬಿಡಿಸಿ ನೋಡು.’

ಮಾರ್ಚ್ 15

ನೋಡಿ ಬಂದೆ. ತಪ್ಪು ಮಾಡಿದೆ. ಮೊದಲು ಕಾಗದ ತರಿಸಿ ಆಮೇಲೆ ಕಾರು ನೋಡಬೇಕಿತ್ತು. ನಾನು ಮೊದಲು ಕಾರು ನೋಡಿದೆ.

ಅವನು ಎಂಜಿನ್ ಚಾಲೂ ಮಾಡಿದ. ಗ್ಯಾರೇಜಿನ ಗೋಡೆಗೆ ನೇತುಹಾಕಿದ್ದ ಸ್ಪ್ಯಾನರ್‌ಗಳು ಗಲಗಲ ಅಂದವು. ನಾನು ಸೋತೆ. ಆಮೇಲೆ ಏನು ನೋಡಿದರೂ ಚೆನ್ನಾಗಿಯೇ ಕಂಡಿತು.

ಆದರೂ ನೋಡಿದ್ದನ್ನು ಬರೆದಿಡುತ್ತೇನೆ. ವಿನ್ ತಗಡು ಡ್ಯಾಶ್‌ಬೋರ್ಡಿನ ಎಡ ಮೂಲೆಯಲ್ಲಿ ಗಾಜಿನ ಕೆಳಗಿದೆ. ಅದನ್ನು ಹಿಡಿದಿರುವ ರಿವೆಟ್‌ಗಳ ತಲೆ ಹೂವಿನ ಎಸಳಿನ ಹಾಗಿರಬೇಕು, ಹಾಗೇ ಇದೆ. ಮಾಮೂಲಿ ದುಂಡು ರಿವೆಟ್ ಇದ್ದಿದ್ದರೆ ಅಲ್ಲಿಂದಲೇ ವಾಪಸ್ ಬರುತ್ತಿದ್ದೆ. ಕಾರಿನ ಮೈಗೆ ಬಟ್ಟೆ ಸುತ್ತಿದ ಆಯಸ್ಕಾಂತ ಹಿಡಿದು ನೋಡಿದೆ. ಹಿಂದಿನ ಚಕ್ರಗಳ ಮೇಲಿನ ಕಮಾನಿನಲ್ಲಿ ಎರಡು ಕಡೆ ಅಂಟಲಿಲ್ಲ. ಒಳಗೆ ಪುಟ್ಟಿ ಇದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯ ಇದು, ಅಷ್ಟು ತುಕ್ಕು ಮಾಫಿ.

ಬಾನೆಟ್ ಕೆಳಗೆ ಬಾಡಿಯ ಮೇಲೆ ಇನ್ನೊಂದು ಸಣ್ಣ ತಗಡು ಇರುತ್ತದೆ. ಅದರಲ್ಲಿ ‘03ಬಿ’ ಅಂತಿದೆ, ಅಂದರೆ ಮಾರ್ಚ್ ಎರಡನೇ ವಾರ ಕಟ್ಟಿದ್ದು. ಬಣ್ಣದ ಸಾಲಿನಲ್ಲಿ 73.

ಇಲ್ಲಿ ನನಗೆ ಸ್ವಲ್ಪ ಕಸಿವಿಸಿ ಆಯಿತು. ಈ ಕಿತ್ತಳೆ ಬಣ್ಣಕ್ಕೆ ಪಾಂಟಿಯಾಕ್‌ನವರು ಇಟ್ಟ ಹೆಸರು ಕ್ಯಾರೊಸೆಲ್ ರೆಡ್, ಅದರ ನಂಬರ್ 72. 73 ಅಂದರೆ ವರ್ಡೊರೊ ಗ್ರೀನ್, ಕಡು ಹಸಿರು. ಕೇಳಿದೆ. ‘ಮೊದಲ ಎರಡು ಸಾವಿರ ಜಡ್ಜ್ ಮಾತ್ರ ಕಿತ್ತಳೆ, ಆಮೇಲೆ ಬೇರೆ ಬಣ್ಣಗಳೂ ಬಂದವು. ಇದು ಹಸಿರು ಜಡ್ಜ್, ಯಾರೋ ಕಿತ್ತಳೆ ಮಾಡಿಸಿದ್ದಾರೆ’ ಅಂದ. ಅವನು ಹೇಳಿದ್ದು ನಿಜವೇ. ಹಸಿರು ಜಡ್ಜ್ ಇದ್ದವು. ಒಳ್ಳೆ ಸುಳ್ಳಿನಲ್ಲಿ ಮುಕ್ಕಾಲು ಭಾಗ ನಿಜ ಇರುತ್ತದೆ ಅನ್ನುವುದು ಆ ಹೊತ್ತಿಗೆ ಹೊಳೆಯಲಿಲ್ಲ. 500 ಡಾಲರ್ ಮುಂಗಡ ಕೊಟ್ಟು ಬಂದೆ.

ಕಾಗದ ಏನಾದರೂ ಇದೆಯಾ ಅಂದಿದ್ದಕ್ಕೆ, ‘ಹಿಂದಿನ ಓನರ್ ಹತ್ತಿರ ಇತ್ತು, ಮನೆ ಬದಲಿಸುವಾಗ ಕಳೆದುಹೋಯಿತಂತೆ’ ಅಂದ.

ಮಾರ್ಚ್ 17

ಕಾಗದ ಕಳೆದುಹೋಗಿದ್ದರೂ ಪಾಂಟಿಯಾಕ್ ವಿಷಯದಲ್ಲಿ ಚಿಂತೆ ಇಲ್ಲ. ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಅಂತ ಇದೇ ಮಿಷಿಗನ್‌ನಲ್ಲಿದೆ. ಎಲ್ಲರೂ ಪಿಎಚ್‌ಎಸ್ ಅನ್ನುತ್ತಾರೆ. 1961ರಿಂದ 86ರವರೆಗಿನ ಕಾರ್ಖಾನೆಯ ಬಿಲ್ ದಾಖಲೆ ಅವರ ಹತ್ತಿರ ಇದೆ. ವಿನ್ ಮತ್ತು ಶುಲ್ಕ ಕಳಿಸಿದರೆ ಆ ಕಾರಿನ ಬಿಲ್ಲಿನ ಪ್ರತಿ ಕೊಡುತ್ತಾರೆ. ಹುಟ್ಟುವಾಗ ಯಾವ ಬಣ್ಣ, ಯಾವ ಗೇರ್‌ಬಾಕ್ಸ್, ಯಾವ ಡೀಲರ್‌ಗೆ ಹೋಯಿತು, ಎಲ್ಲಾ ಅದರಲ್ಲಿ ಬರುತ್ತದೆ. ಕಾರಿನ ಜಾತಕ ಅಂತಲೇ ಅನ್ನಿ. ಇವತ್ತು ದುಡ್ಡು ಕಟ್ಟಿದೆ.

ಬೇರೆ ಕಂಪನಿ ಕಾರಿನವರಿಗೆ ಇಷ್ಟು ಸುಲಭ ಇಲ್ಲ. ಫೋರ್ಡ್‌ನವರದು ಪರವಾಗಿಲ್ಲ, 1967ರಿಂದ ಈಚೆಗಿನ ಕಾರಿಗೆ ಇಂಥದೇ ಮಾಹಿತಿ ಇರುವ ‘ಮಾರ್ಟಿ ರಿಪೋರ್ಟ್’ ತರಿಸಬಹುದು. ಡಾಡ್ಜ್, ಪ್ಲಿಮತ್‌ನವರಿಗೆ ವಿನ್‌ನ ಐದನೇ ಅಕ್ಷರವೇ ಎಂಜಿನ್ ಯಾವುದು ಅಂತ ಹೇಳುತ್ತದೆ. 1970ರಲ್ಲಿ ಆ ಜಾಗದಲ್ಲಿ ‘ಆರ್’ ಇದ್ದರೆ ಅವರ ಹೆಸರಾಂತ ಹೆಮಿ ಎಂಜಿನ್. ಪಾಪ ಅಂದರೆ ಶೆವ್ರೊಲೆಯವರು. ನನ್ನ ಆಫೀಸಿನ ಗೆಳೆಯನೊಬ್ಬ 1970ರ ಶೆವೆಲ್ ಎಸ್‌ಎಸ್, ಅಂದರೆ ಶೆವ್ರೊಲೆಯ ಶೆವೆಲ್ ಕಾರಿನ ಜೋರಿನ ಅವತಾರ, ಹುಡುಕುತ್ತಾ ಎರಡು ವರ್ಷ ಆಯಿತು. 66ರಿಂದ 68ರವರೆಗೆ ವಿನ್ 138 ಅಂತ ಶುರುವಾದರೆ ಎಸ್‌ಎಸ್ ಅಂತ ಗೊತ್ತಾಗುತ್ತಿತ್ತು. 69ರಿಂದ ಎಸ್‌ಎಸ್ ಬರೀ ಆಪ್ಷನ್ ಆಯಿತು, ಆ ಸುಳಿವೂ ಹೋಯಿತು. ಕಾರು ಜೋಡಿಸುವಾಗ ಕಾರ್ಖಾನೆಯವರು ಬಳಸಿ ಒಳಗೇ ಬಿಟ್ಟ ಬಿಲ್ಡ್ ಶೀಟ್ ಸಿಗುತ್ತದಾ ಅಂತ ಪೆಟ್ರೋಲ್ ಟ್ಯಾಂಕ್ ಮೇಲೆ, ಹಿಂದಿನ ಸೀಟಿನ ಸ್ಪ್ರಿಂಗ್ ಒಳಗೆ ಕೈ ಹಾಕಿ ತಡಕುತ್ತಾನೆ. ಇಲ್ಲಿಯವರೆಗೆ ಸಿಕ್ಕಿದ್ದು ಇಲಿ ಗೂಡು.

ಮಾರ್ಚ್ 20

ಬಂತು.

ವರ್ಡೊರೊ ಗ್ರೀನ್. ಸರಿ. ಪವರ್ ಸ್ಟೀರಿಂಗ್. ಸರಿ. ಏರ್ ಕಂಡೀಷನಿಂಗ್. ಹಾಂ? ಟರ್ಬೊ ಹೈಡ್ರಾಮ್ಯಾಟಿಕ್, ಅಂದರೆ ಆಟೋಮ್ಯಾಟಿಕ್ ಗೇರ್. ಎಂಜಿನ್ ಜಿಟಿಓಗೆ ಎಲ್ಲರಿಗೂ ಕೊಡುತ್ತಿದ್ದ 350 ಕುದುರೆ ಶಕ್ತಿಯದು. ಜಡ್ಜ್‌ನ ಕೋಡ್ ಡಬ್ಲ್ಯೂಟಿ1. ಮೂರು ಸಲ ಮೇಲಿಂದ ಕೆಳಕ್ಕೆ ಬೆರಳಿಟ್ಟು ಓದಿದೆ. ಆ ಕೋಡ್ ಎಲ್ಲೂ ಇಲ್ಲ.

ಮಾರುವವನಿಗೆ ಫೋನ್ ಮಾಡಿದೆ. ಅವನೂ ಹೀಗೇ ಮೋಸ ಹೋಗಿ ಕೊಂಡಿರಬಹುದು ಅಂತ ಮೆತ್ತಗೆ ಹೇಳಿದೆ. ಅವನು ಅಷ್ಟೇನೂ ಆಶ್ಚರ್ಯಪಡಲಿಲ್ಲ. ‘ಆ ದಾಖಲೆಯಲ್ಲಿ ತಪ್ಪಿರಬಹುದು. ನೀನು ಎಂಜಿನ್ ನೋಡು. ಎಂಜಿನ್ ಮೇಲೆ ಇದೇ ಕಾರಿನ ನಂಬರ್ ಇದೆ’ ಅಂದ.

ಇದು ನನ್ನನ್ನು ಕೊರೆಯಿತು. ಜಡ್ಜ್ ಅಲ್ಲದಿದ್ದರೂ ಪರವಾಗಿಲ್ಲ, ಹುಟ್ಟಿನ ಎಂಜಿನ್ ಇರುವ ಹಸಿರು ಜಿಟಿಓ ಕೂಡಾ ನನಗೆ ಸಾಕು. ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಬೇಕು. ಇನ್ನೊಂದು ಸಲ ಹೋಗುವುದು ಅಂತಾಯಿತು.

ಮಾರ್ಚ್ 29

ಈ ಸಲ ಎಂಜಿನ್ ಚಾಲೂ ಮಾಡಬೇಡ ಅಂತ ಮೊದಲೇ ಹೇಳಿದೆ.

ಬ್ಯಾಗಿನಲ್ಲಿ ಟಾರ್ಚ್, ಸಣ್ಣ ಕನ್ನಡಿ, ಡಿಗ್ರೀಸರ್, ಹಲ್ಲುಜ್ಜುವ ಹಳೇ ಬ್ರಷ್, ತೆಳು ಕಾಗದ, ಪೆನ್ಸಿಲ್. ಪೆನ್ಸಿಲ್ ನೋಡಿ ಅವನು ನಕ್ಕ. ನಮ್ಮಲ್ಲಿ ಆರ್‌ಟಿಓ ಕೆಲಸಕ್ಕೆ ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯುತ್ತಾರಲ್ಲ, ಅದೇ ವಿದ್ಯೆ. ಕಣ್ಣಿಗೆ ಕಾಣದ್ದು ಕಾಗದದ ಮೇಲೆ ಕಾಣುತ್ತದೆ. ಅಪ್ಪನ ಸ್ಕೂಟರ್‌ಗೆ ನಾನೇ ತೆಗೆದು ಕೊಟ್ಟಿದ್ದೆ.

ಪಾಂಟಿಯಾಕ್ ಎಂಜಿನ್‌ನಲ್ಲಿ ಬ್ಲಾಕಿನ, ಅಂದರೆ ಎಂಜಿನ್ನಿನ ಎರಕದ ಮೈಯ, ಮುಂಭಾಗದಲ್ಲಿ, ಪ್ಯಾಸೆಂಜರ್ ಕಡೆ, ಎರಡಕ್ಷರದ ಕೋಡ್ ಹೊಡೆದಿರುತ್ತಾರೆ. ಇಲ್ಲಿ ಇದ್ದದ್ದು ಡಬ್ಲ್ಯೂಎಸ್. ಅಂದರೆ ರಾಮ್ ಏರ್ 3, ಮ್ಯಾನ್ಯುಯಲ್ ಗೇರಿನದು. ಹುಟ್ಟುವಾಗ 350 ಕುದುರೆಯ ಆಟೋಮ್ಯಾಟಿಕ್ ಆಗಿದ್ದ ಕಾರಿನಲ್ಲಿ ವೈಎಸ್ ಅಂತ ಇರಬೇಕಿತ್ತು. ಅಲ್ಲಿಗೆ ಬೇರೆ ಎಂಜಿನ್ ಅಂತ ಆಯಿತು. ಬೇರೆ ಎಂಜಿನ್ ಆದರೆ ಅದರ ಮೇಲಿನ ವಿನ್ ತುಣುಕೂ ಬೇರೆ ಕಾರಿನದಾಗಿರಬೇಕು, ಅಲ್ವಾ? 1968ರಿಂದ ಬ್ಲಾಕಿನ ಮೇಲೆ ಕಾರಿನ ವಿನ್‌ನ ಒಂದು ಭಾಗವನ್ನೂ ಹೊಡೆಯುತ್ತಿದ್ದರು. ಪಾಂಟಿಯಾಕ್‌ಗೆ 2, ವರ್ಷಕ್ಕೆ 9, ಕಾರ್ಖಾನೆಗೆ ಪಿ, ಆಮೇಲೆ ಆರು ಅಂಕಿ.

ಬ್ರಷ್ ಹಾಕಿ ತಿಕ್ಕಿ, ಕಾಗದ ಇಟ್ಟು ಪೆನ್ಸಿಲ್ ಉಜ್ಜಿದೆ. ಅಂಕಿಗಳು ಒಂದೊಂದಾಗಿ ಮೇಲೆದ್ದವು. ಆರಕ್ಕೆ ಆರೂ ಇದೇ ಕಾರಿನವು!

ಒಂದು ಕ್ಷಣ ನನಗೇ ಗೊಂದಲ. ಆಮೇಲೆ ಅಂಕಿ ಬಿಟ್ಟು ಅಂಕಿಯ ಸುತ್ತ ನೋಡಿದೆ. ಎರಕದ ಕಬ್ಬಿಣ ಅಲ್ಲೆಲ್ಲಾ ತರಿತರಿ. ನಂಬರ್ ಇರುವ ಜಾಗ ಮಾತ್ರ ನುಣ್ಣಗೆ, ಸ್ವಲ್ಪ ತಗ್ಗು. ಪೆನ್ಸಿಲ್ ಪ್ರಿಂಟಿನಲ್ಲಿ ಅಡ್ಡಡ್ಡ ಸಣ್ಣ ಗೀರುಗಳು ಕಾಣಿಸಿದವು. ಗ್ರೈಂಡರ್ ಆಡಿಸಿದ ಗುರುತು. ಹಳೇ ನಂಬರ್ ಅಳಿಸಿ ಹೊಸದು ಹೊಡೆದಿದ್ದಾರೆ.

ಅನುಮಾನ ಬೇರೆ, ಸಾಕ್ಷಿ ಬೇರೆ. ಸಾಕ್ಷಿ ಬ್ಲಾಕಿನ ಹಿಂಬದಿಯಲ್ಲಿತ್ತು. ಡಿಸ್ಟ್ರಿಬ್ಯೂಟರ್ ಪಕ್ಕದಲ್ಲಿ ಎರಕ ಹೊಯ್ದ ತಾರೀಖು ಇರುತ್ತದೆ. ಇದು ಉಬ್ಬಕ್ಷರ, ಎರಕದ ಅಚ್ಚಿನಲ್ಲೇ ಬಂದದ್ದು. ಮೊದಲು ತಿಂಗಳಿಗೊಂದು ಅಕ್ಷರ, ಜನವರಿಗೆ ಎ, ಫೆಬ್ರವರಿಗೆ ಬಿ. ಆಮೇಲೆ ದಿನ, ಕೊನೆಗೆ ವರ್ಷದ ಕೊನೇ ಅಂಕಿ. ಕನ್ನಡಿ ಹಿಡಿದು, ಟಾರ್ಚ್ ಓರೆ ಮಾಡಿ, ಅರ್ಧ ಎಂಜಿನ್ ಮೇಲೆ ಬೋರಲು ಬಿದ್ದು ಓದಿದೆ. ಎಫ್, 06, 9.

ಜೂನ್ 6, 1969.

ಕಾರು ಕಟ್ಟಿದ್ದು ಮಾರ್ಚ್ ಎರಡನೇ ವಾರ. ಎಂಜಿನ್ ಬ್ಲಾಕ್ ಹುಟ್ಟಿದ್ದು ಜೂನ್‌ನಲ್ಲಿ. ಮಗು ಹುಟ್ಟಿ ಮೂರು ತಿಂಗಳಾದ ಮೇಲೆ ತಾಯಿ ಹುಟ್ಟಿದ ಹಾಗೆ. ಮುಂದಿನ ನಂಬರ್ ಅಷ್ಟು ಕಷ್ಟಪಟ್ಟು ತಿದ್ದಿದ ಪುಣ್ಯಾತ್ಮ ಹಿಂದೆ ಬಗ್ಗಿ ನೋಡಿರಲಿಲ್ಲ.

ಆಮೇಲಿನದು ಬೇಗ ಮುಗಿಯಿತು. ಕಾರಿನ ಕೆಳಗೆ ತೂರಿದೆ. ನಾಲ್ಕು ಗೇರಿನ ‘ಮನ್ಸಿ’ ಗೇರ್‌ಬಾಕ್ಸ್ ಮೇಲಿನ ನಂಬರ್ 1ರಿಂದ ಶುರುವಾಗಿತ್ತು. 1 ಅಂದರೆ ಶೆವ್ರೊಲೆ. ಯಾವುದೋ ಕಮಾರೊದ್ದೋ ಶೆವೆಲ್‌ನದೋ ಇರಬೇಕು. ಕ್ಲಚ್ ಕಡ್ಡಿ ಹಾಯುವ ತೂತಿನ ಅಂಚು ತಗಡು ಕತ್ತರಿಯಲ್ಲಿ ಕತ್ತರಿಸಿದ ಹಾಗಿದೆ. ಎಸಿ ಡಬ್ಬಿ ಇದ್ದ ಜಾಗಕ್ಕೆ ತೇಪೆ ಹಾಕಿ ಕಪ್ಪು ಬಳಿದಿದ್ದಾರೆ. ಹಿಂದಿನ ಸೀಟಿನ ಬೆನ್ನು ಎಳೆದು ಟಾರ್ಚ್ ಬಿಟ್ಟೆ. ಒಳಗೆ ಕಿತ್ತಳೆ ತಲುಪಿಯೇ ಇರಲಿಲ್ಲ. ಐವತ್ತಾರು ವರ್ಷದ ಹಸಿರು, ಹೊಳಪು ಕೂಡಾ ಹೋಗಿಲ್ಲ. ಇಡೀ ಕಾರಿನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದೇ.

ಏಪ್ರಿಲ್ 2

ಅವನೇ ಫೋನ್ ಮಾಡಿದ. 55,000ಕ್ಕೆ ಇಳಿದ. ನಾನು ಬೇಡ ಅಂದೆ. 45,000 ಅಂದ. ಮನೆಯಲ್ಲಿ ಇದರ ಬಗ್ಗೆ ಚರ್ಚೆ ಆಯಿತು. ‘ಜಡ್ಜ್ ಅಲ್ಲ ಅಂತ ಗೊತ್ತಿದ್ದೇ ಕಡಿಮೆಗೆ ಕೊಂಡರೆ ಏನು ತೊಂದರೆ?’ ಅಂತ ಹೆಂಡತಿ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ.

ಮಾಮೂಲಿ ಜಿಟಿಓವನ್ನು ಜಡ್ಜ್ ಥರ ಮಾಡಿಕೊಳ್ಳುವುದು ನನ್ನ ಪ್ರಕಾರ ತಪ್ಪೇನಲ್ಲ. ಕ್ಲೋನ್ ಅಂತ ಹೇಳಿ ಮಾರಿದರೆ ಕ್ಲೋನ್ ಬೆಲೆಗೆ ಸಂತೋಷವಾಗಿ ಕೊಳ್ಳಬಹುದು. ಎಂಜಿನ್ ಬದಲಾಗಿದ್ದರೂ ಬೇಜಾರಿಲ್ಲ. ನನಗೆ ನಿದ್ದೆ ಕೆಡಿಸಿದ್ದು ಆ ನುಣ್ಣಗಿನ ಜಾಗ. ಅಲ್ಲಿ ಮೊದಲು ಯಾವ ನಂಬರ್ ಇತ್ತು? ಯಾರ ಕಾರಿನದು? ಕದ್ದ ಕಾರಿನ ಎಂಜಿನ್ ಆಗಿದ್ದರೆ? ವಾಹನದ ನಂಬರ್ ಅಳಿಸುವುದು, ತಿದ್ದುವುದು ಈ ದೇಶದಲ್ಲಿ ಫೆಡರಲ್ ಅಪರಾಧ. ಮಾಡಿದ್ದು ನಾನಲ್ಲದಿದ್ದರೂ ನಾಳೆ ಅದು ನನ್ನ ಗ್ಯಾರೇಜಿನಲ್ಲಿ ಇರುತ್ತದೆ.

ಅವಳು ಇಷ್ಟು ಕೇಳಿ, ‘ಮುಂಗಡ ವಾಪಸ್ ತಗೋ ಮೊದಲು’ ಅಂದಳು.

ಏಪ್ರಿಲ್ 9

ಮೂರು ಫೋನ್, ಒಂದು ಖಾರವಾದ ಇಮೇಲ್ ಆದ ಮೇಲೆ 500 ಡಾಲರ್ ವಾಪಸ್ ಬಂತು. ಕಾರು ಮತ್ತೆ ಜಾಹೀರಾತಿನಲ್ಲಿದೆ. ‘ನಂಬರ್ಸ್ ಮ್ಯಾಚಿಂಗ್’ ಅನ್ನುವ ಮಾತು ತೆಗೆದಿದ್ದಾನೆ. ‘ಜಡ್ಜ್’ ಹಾಗೇ ಇದೆ.

ಮಾವನಿಗೆ ಎಲ್ಲಾ ಹೇಳಿದೆ. ಜೂನ್ ತಿಂಗಳ ಬ್ಲಾಕ್ ಕಥೆ ಕೇಳಿ ಫೋನಿನಲ್ಲೇ ಬಿದ್ದು ಬಿದ್ದು ನಕ್ಕರು. ‘ಎಂಟು ಹಲ್ಲು ಬಂದು ಬಾಯಿ ಕೂಡಿದ ಮೇಲೆ ಎಣಿಸಿದ್ರೆ ಏನೂ ಗೊತ್ತಾಗಲ್ಲ ಕಣಪ್ಪ, ಸವೆದಿರೋದನ್ನ ನೋಡ್ಬೇಕು’ ಅಂದರು. ಎಂಜಿನ್ ವಿಷಯಕ್ಕೆ ಹೇಳಿದರೋ ಎತ್ತಿನ ವಿಷಯಕ್ಕೋ ಕೇಳಲಿಲ್ಲ.

ಏಪ್ರಿಲ್ 13

ಒಹಾಯೊದ ಟೊಲೀಡೊ ಹತ್ತಿರ ಇನ್ನೊಂದು 1969ರ ಜಿಟಿಓ ಇದೆ. ಇದರ ಫೋಟೋಗಳು ಮಬ್ಬು. ಜಾಹೀರಾತು ಐದೇ ಸಾಲು: ಆಂಟೀಕ್ ಗೋಲ್ಡ್ ಬಣ್ಣ, ಆಟೋಮ್ಯಾಟಿಕ್, 350 ಕುದುರೆ, ಎಸಿ ಕೆಲಸ ಮಾಡುವುದಿಲ್ಲ, ಡ್ರೈವರ್ ಕಡೆ ನೆಲದಲ್ಲಿ ತುಕ್ಕು. ಫೋನ್ ತೆಗೆದದ್ದು ವಯಸ್ಸಾದ ಹೆಂಗಸು. ಗಂಡನ ಕಾರಂತೆ. ವಿನ್ ಕೇಳಿದೆ, ಕನ್ನಡಕ ಹುಡುಕಿಕೊಂಡು ಹೋಗಿ ಓದಿ ಹೇಳಿದರು. ಅವತ್ತೇ ಪಿಎಚ್‌ಎಸ್‌ಗೆ ಕಳಿಸಿದೆ.

ಇವತ್ತು ಬಿಲ್ ಬಂತು. ಆಂಟೀಕ್ ಗೋಲ್ಡ್. ಆಟೋಮ್ಯಾಟಿಕ್. 350 ಕುದುರೆ. ಎಸಿ. ತುಕ್ಕು ಬಿಟ್ಟು ಮಿಕ್ಕಿದ್ದೆಲ್ಲಾ ಅದರಲ್ಲಿದೆ.

ಶನಿವಾರ ಬೆಳಗ್ಗೆ ಹೊರಡುತ್ತಿದ್ದೇನೆ. ಪೆನ್ಸಿಲ್ ಚೂಪು ಮಾಡಿಟ್ಟಿದ್ದೇನೆ. ವೈಎಸ್ ಬ್ಲಾಕ್, ವಿನ್ ತುಣುಕು, ಎರಕದ ತಾರೀಖು. ಈ ಮೂರೂ ನೋಡಿ ಆಗುವವರೆಗೆ ಎಂಜಿನ್ ಚಾಲೂ ಮಾಡಬೇಡಿ ಅಂತ ಆಕೆಗೆ ಹೇಳಿದ್ದೇನೆ. ಯಾಕೆ ಅಂತ ಕೇಳಿದರು. ಬಂದಾಗ ಹೇಳುತ್ತೇನೆ ಅಂದೆ.