ಬ್ರಾಂಜ್ ಶ್ಯಾಡೋಸ್ ಎಂಬ ಪುಟ್ಟ ಪತ್ರಿಕೆ

ಎರಡು ದಿನದಿಂದ ತಲೆಯಲ್ಲಿ ಇದೇ ಓಡುತ್ತಿದೆ. 1965ರಲ್ಲಿ ಅಮೆರಿಕದ ಫ್ರೆಡ್ ಕುಕ್ ಎಂಬ ಓದುಗ 'ಬ್ರಾಂಜ್ ಶ್ಯಾಡೋಸ್' ಅನ್ನುವ ಅಭಿಮಾನಿ ಪತ್ರಿಕೆ ಶುರು ಮಾಡಿದರು. ಹೆಸರಲ್ಲೇ ಹಳೇ ಅಗ್ಗದ ಸಾಹಸ ಕಾದಂಬರಿಗಳ ಇಬ್ಬರು ಹೀರೋಗಳಿದ್ದಾರೆ. ಬ್ರಾಂಜ್ ಅಂದರೆ ಕಂಚಿನ ಮೈಬಣ್ಣದ ಡಾಕ್ ಸ್ಯಾವೇಜ್, ಇನ್ನೊಬ್ಬ ದಿ ಶ್ಯಾಡೋ. ಇಬ್ಬರ ಕಾದಂಬರಿಗಳು ಬರುತ್ತಿದ್ದ ಪತ್ರಿಕೆಗಳೂ 1949ರಲ್ಲೇ ನಿಂತುಹೋಗಿದ್ದವು. ಅಗ್ಗದ ಕಾಗದ ಬೇರೆ, ಹಳದಿಯಾಗಿ ಪುಡಿಪುಡಿಯಾಗುತ್ತಿತ್ತು.

ಆಗಿನ ಅಭಿಮಾನಿ ಪತ್ರಿಕೆಗಳೆಂದರೆ ಹೆಚ್ಚಾಗಿ ಟೈಪ್ ಮಾಡಿ, ಸೈಕ್ಲೋಸ್ಟೈಲ್ ಹೊಡೆದು, ಪಿನ್ ಹಾಕಿ ಅಂಚೆಗೆ ಹಾಕುವುದು. ಲಾಭದ ಮಾತೇ ಇಲ್ಲ.

ನನಗೆ ತುಂಬಾ ಇಷ್ಟವಾಗುವುದು ಇಂಥ ಅಭಿಮಾನಿಗಳು ಲೇಖಕರನ್ನು ಹುಡುಕಿದ ರೀತಿ. ಶ್ಯಾಡೋ ಕಾದಂಬರಿಗಳ ಮೇಲೆ ಇರುತ್ತಿದ್ದದ್ದು ಮ್ಯಾಕ್ಸ್‌ವೆಲ್ ಗ್ರಾಂಟ್ ಎಂಬ ಹೆಸರು. ಅದು ಪ್ರಕಾಶಕರು ಬಳಸುತ್ತಿದ್ದ ಗುಪ್ತನಾಮ. ಒಟ್ಟು 325 ಕಾದಂಬರಿಗಳಲ್ಲಿ 282 ಬರೆದವರು ವಾಲ್ಟರ್ ಗಿಬ್ಸನ್! ಡಾಕ್ ಸ್ಯಾವೇಜ್‌ದೂ ಅದೇ ಕಥೆ. ಕೆನ್ನೆತ್ ರೋಬ್ಸನ್ ಹೆಸರಿನ ಹಿಂದೆ ಹೆಚ್ಚಾಗಿ ಇದ್ದವರು ಲೆಸ್ಟರ್ ಡೆಂಟ್.

ಯಾವುದನ್ನು ಯಾರು ಬರೆದರು, ಯಾವ ಸಂಚಿಕೆಯಲ್ಲಿ ಬಂತು ಅಂತ ಕೂತು ಪಟ್ಟಿ ಮಾಡುವುದು ಸಣ್ಣ ಕೆಲಸ ಅಲ್ಲ. ವಿಶ್ವವಿದ್ಯಾಲಯಗಳು ಇಂಥ ಕಥೆಗಳ ಕಡೆ ಅಷ್ಟಾಗಿ ತಿರುಗಿ ನೋಡದ ಕಾಲ ಅದು. ನಮ್ಮ ಹಳೇ ಪತ್ತೇದಾರಿ ಕಾದಂಬರಿಗಳಿಗೂ ಯಾರಾದರೂ ಹೀಗೆ ಪೂರ್ತಿ ಪಟ್ಟಿ ಮಾಡಬೇಕು ಅಲ್ವಾ? ನಿಮ್ಮ ಮನೆಯ ಅಟ್ಟದಲ್ಲಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ, ನನಗೆ ಹೇಳಿ.